ಎತ್ತು ಉಲ್ಟಾ ತಿರುಗಿದ ವರ್ಷ

ಕಳೆದ ರವಿವಾರ ನನ್ನ ಮಗಳು ಗೆಳತಿಯ ಮದುವೆಗೆ ಹೊರಡುವ ಮುಂಚೆ ಪಡಸಾಲೆಯಲ್ಲಿ ಕೂತು ಉಗುರಿನ ಬಣ್ಣ ಅಳಿಸಿಕೊಳ್ಳುತ್ತಿದ್ದಳು. ಒಂದು ಸಣ್ಣ ಶೀಸೆ, ಒಂದಿಷ್ಟು ಅರಳೆ. ಹೊರಗಿನಿಂದ ಬಂದ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಪೆಪ್ಪರಮಿಂಟನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದಂಥ ಆ ವಾಸನೆ ಮೂಗಿಗೆ ಬಡಿದು ಎಷ್ಟು ವರ್ಷವಾಗಿತ್ತೋ.

"ಯಾಕಪ್ಪಾ, ಗ್ಯಾಸ್ ಸೋರಾಕತ್ತೈತೇನು?" ಅಂದಳು ಮಗಳು.

ನಮ್ಮ ಮನೆಯಲ್ಲಿ ನಾನು ಮೂಗು ಅರಳಿಸಿದರೆ ಎಲ್ಲರೂ ಮೊದಲು ಕೇಳುವುದು ಇದನ್ನೇ. ತಪ್ಪು ಅವರದಲ್ಲ. ನಾನು ಮಲಗುವ ಮುಂಚೆ ನಾಲ್ಕು ಸಲ ಸಿಲಿಂಡರಿನ ಗುಂಡಿ ತಿರುವಿ ನೋಡುವವನು. ಇಂಡಿ ತಾಲೂಕಿನ ಸರ್ವೆ ಆಫೀಸಿಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಬೀಗ ಬಿದ್ದಿದೆಯೋ ಇಲ್ಲವೋ ಎಂದು ಮರಳಿ ಬಂದು ಜಗ್ಗಿ ನೋಡುವವನು.

"ಗ್ಯಾಸ್ ಅಲ್ಲವ್ವಾ. ಇದು ಸಿನಿಮಾದ ವಾಸನಿ" ಅಂದೆ.

ಅವಳು ಅಡಿಗೆಮನೆಯ ಬಾಗಿಲಲ್ಲಿದ್ದ ಅವರವ್ವನ ಮುಖ ನೋಡಿದಳು. ಅವರವ್ವ ಹಣೆ ಹಣೆ ಬಡಿದುಕೊಂಡು ಒಳಗೆ ಹೋದಳು. ನಾನು ಒಂದು ಕಾಲಕ್ಕೆ ಸಿನಿಮಾ ಕತ್ತರಿಸಿ ಜೋಡಿಸಿದವನು ಅಂದರೆ ಈ ಮನೆಯಲ್ಲಿ ನಂಬುವವರು ಯಾರೂ ಇಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಒಂದು ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗಿನ ಒಂದು ವರ್ಷ. ನಾನಾಗ ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಎರಡನೇ ವರ್ಷದಲ್ಲಿದ್ದೆ. ಅಲ್ಲೇ ಪೇಟೆಯಲ್ಲಿ ಅಪ್ಪನ ಹೊಲಿಗೆ ಅಂಗಡಿ. ಒಂದು ಮಷಿನ್ನು, ಒಂದು ಹಲಗೆ, ಯಾರೂ ಮುಟ್ಟಬಾರದ ಒಂದು ಕತ್ತರಿ. ನಮಗೆ ಫಿಸಿಕ್ಸ್ ಹೇಳುತ್ತಿದ್ದ ದೇಸಾಯಿ ಸರ್ ಅವರ ಅಕ್ಕನ ಗಂಡ ಮುಂಬೈಯಲ್ಲಿ ಸಾಕ್ಷ್ಯಚಿತ್ರ ತೆಗೆಯುವ ಕ್ಯಾಮೆರಾಮನ್ ಆಗಿದ್ದರು. ಅವರು ಕೆಲಸ ಬಿಟ್ಟಾಗ, ಗಡಿಯಾರದಂತೆ ಕೀಲಿ ಕೊಟ್ಟು ಓಡಿಸುವ ಒಂದು ಹಳೆಯ ಸಿನಿಮಾ ಕ್ಯಾಮೆರಾ ಮತ್ತು ಮೂರು ಸುರುಳಿ ಫಿಲ್ಮನ್ನು ದೇಸಾಯಿ ಸರ್ ಕೈಗಿಟ್ಟು, "ನಿನ್ನ ಹುಡುಗೂರು ಏನರೆ ಮಾಡ್ಲಿ" ಅಂದಿದ್ದರಂತೆ. ಕ್ಯಾಮೆರಾದಲ್ಲಿ ಧ್ವನಿ ಹಿಡಿಯುವ ಸೌಲಭ್ಯ ಇರಲಿಲ್ಲ. ಧ್ವನಿಗೆ ಸರ್ ಹತ್ತಿರ ಒಂದು ಸ್ಪೂಲ್ ಟೇಪ್ ರೆಕಾರ್ಡರ್ ಇತ್ತು. ಎರಡನ್ನೂ ಒಟ್ಟಿಗೆ ಓಡಿಸಿ ಒಂದು ಹಾಡಿಗೆ ಒಂದು ಚಿತ್ರ ಕಟ್ಟಬೇಕು, ಕಾಲೇಜಿನ ವಾರ್ಷಿಕ ಉತ್ಸವವಾದ ಗ್ಯಾದರಿಂಗಿನಲ್ಲಿ ತೋರಿಸಬೇಕು. ಈಗ ಟಿ.ವಿ.ಯಲ್ಲಿ ದಿನವಿಡೀ ತೋರಿಸುತ್ತಾರಲ್ಲ, ಅಂಥದ್ದು. ಆಗ ಅದಕ್ಕೊಂದು ಹೆಸರೂ ಇರಲಿಲ್ಲ.

ನನ್ನ ಗೆಳೆಯ ಶಂಕರ ಬಿಜಾಪುರದ ಟಾಕೀಜುಗಳಲ್ಲಿ ಅರ್ಧ ಆಯುಷ್ಯ ಕಳೆದವನು. ಅವನಿಗೆ ಹೀರೋ, ಹೀರೋಯಿನ್, ಗಿಡ ಸುತ್ತುವ ಹಾಡು ಬೇಕಿತ್ತು. ಕಾಲೇಜಿನಲ್ಲಿ ಇದ್ದದ್ದೇ ಏಳು ಹುಡುಗಿಯರು. ಐವರು ಶಂಕರನಿಗೆ ಸಂಬಂಧದಲ್ಲಿ ತಂಗಿಯಂದಿರು, ಉಳಿದ ಇಬ್ಬರ ಅಣ್ಣಂದಿರು ಗರಡಿಯಲ್ಲಿ ಸಾಮು ಮಾಡುವವರು. ಹೀಗಾಗಿ ಆ ಹಾಡು ಹುಟ್ಟುವ ಮುಂಚೆಯೇ ಸತ್ತಿತು.

"ಲೇ, ನಿಮ್ಮ ಗೊಳಸಂಗ್ಯಾಗ ಹಂತಿ ಪದಾ ಹಾಡವರು ಇಲ್ಲೇನು?" ಅಂದರು ಸರ್ ಶಂಕರನಿಗೆ.

ಸುಗ್ಗಿಯಲ್ಲಿ ಕಣದ ತುಂಬ ಜೋಳದ ತೆನೆ ಹರವಿ, ನಡುವೆ ಮೇಟಿ ಎಂಬ ಕಂಬ ನೆಟ್ಟು, ಐದಾರು ಎತ್ತುಗಳನ್ನು ಸಾಲಾಗಿ ಕಟ್ಟಿ ಅದರ ಸುತ್ತ ತಿರುಗಿಸುತ್ತಾರೆ. ತುಳಿದು ತುಳಿದು ಕಾಳು ಬೇರೆಯಾಗುತ್ತದೆ. ಆ ಎತ್ತಿನ ಸಾಲೇ ಹಂತಿ. ಹೊಡೆಯುವವನು ಅದರ ಹಿಂದೆ ನಡೆಯುತ್ತ ಹಾಡುವುದು ಹಂತಿ ಪದ. ಅವನು ಒಂದು ಸೊಲ್ಲು ಬಿಟ್ಟರೆ ಜೊತೆಯವರು ಅದನ್ನು ಎತ್ತಿಕೊಳ್ಳುತ್ತಾರೆ. ಗೊಳಸಂಗಿಯಲ್ಲಿ ಶಂಕರನ ಮನೆಯ ಬದಿಗೇ ಯಮನಪ್ಪ ಕಾಕಾ ಇದ್ದರು. ಅರವತ್ತು ದಾಟಿದ ಒಣ ಮನುಷ್ಯ. ದನಿ ಮಾತ್ರ ಎರಡು ಹೊಲದಾಚೆ ಕೇಳುವಂಥದ್ದು.

ನಾನೂ ಶಂಕರನೂ ಹೋಗಿ ಕೇಳಿದೆವು. ಕಾಕಾ ಎತ್ತಿನ ಬೆನ್ನು ತಿಕ್ಕುತ್ತಿದ್ದವರು ತಿರುಗಿಯೂ ನೋಡಲಿಲ್ಲ.

"ಚಿತ್ರಾ ತಗೀರಿ, ಬ್ಯಾಡ ಅನ್ನೂದಿಲ್ಲ. ಪದಾ ಮಾತ್ರ ನಡುವ ಹರೀಬಾರದು ನೋಡ್ರಿ. ಹಿಡದ ಪದಾ ಮುಗೀಬೇಕು."

"ಯಾಕ್ರಿ ಕಾಕಾ, ದೇವರ ನೇಮ ಏನ್ರಿ ಅದು?" ಅಂದೆ ನಾನು.

"ದೇವರದು ಏನೂ ಇಲ್ಲೋ ತಮ್ಮಾ. ಎತ್ತಿಂದು. ಪದಾ ನಿಂತರ ಎತ್ತ ನಿಂದರತಾವ. ನಿಂತ ಎತ್ತ ಸುಮ್ಮನ ಇರತಾವೇನು, ತೆನಿಗೆ ಬಾಯಿ ಹಾಕತಾವ." ಸ್ವಲ್ಪ ಹೊತ್ತು ತಿಕ್ಕಿ ಮತ್ತೆ ಅಂದರು: "ನಮ್ಮವ್ವ ಹ್ವಾದ ಸುದ್ದಿ ನನಗ ಕಣದಾಗ ಬಂತು. ಹಿಡದ ಪದಾ ಮುಗಿಸೇ ಮನೀಗೆ ಹೋಗೇನಿ. ನೀವು ಅದನ್ನ ಮಷಿನ್ಯಾಗ ಹಾಕಿ ಕಡದು ತುಂಡ ಮಾಡವರಿದ್ದರ ಈಗ ಹೇಳ್ರಿ."

"ಇಲ್ರಿ ಕಾಕಾ, ಪೂರಾ ಇಡತೇವ್ರಿ."

"ಕೈ ಕೊಡ."

ಶಂಕರನ ಕೈಯಲ್ಲಿ ಕ್ಯಾಮೆರಾ ಇತ್ತು. ಸರ್ ಬಂದಿರಲಿಲ್ಲ. ಖಾಲಿ ಇದ್ದದ್ದು ನನ್ನ ಕೈ. ಕೊಟ್ಟೆ. ಅವತ್ತಿನಿಂದ ಹತ್ತು ತಿಂಗಳು ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಹಂತಿ ಹೊಡೆಯುವುದು ರಾತ್ರಿ, ತಂಪು ಹೊತ್ತಿನಲ್ಲಿ. ನಮ್ಮ ಫಿಲ್ಮಿಗೆ ಬೇಕಾದದ್ದು ಬಿಸಿಲು. ಕಾಕಾ ನಮಗಾಗಿ ಒಂದು ದಿನ ಹಗಲಿನಲ್ಲೇ ಎತ್ತು ಕಟ್ಟಿದರು. ಎತ್ತು ನಡೆದವು, ಪದ ಬರಲಿಲ್ಲ. "ಬಿಸಲಾಗ ಪದಾ ಬರೂದಿಲ್ಲೋ, ಬರೇ ಬೆವರ ಬರತೈತಿ" ಅಂದರು. ಹೀಗಾಗಿ ಚಿತ್ರ ಅವತ್ತು, ಹಾಡು ಮರುದಿನ ಮುಂಜಾನೆ ಅವರ ಮನೆಯಲ್ಲಿ. ಬಾಗಿಲು ಮುಚ್ಚಿಸಿದರು. ಬೆಳಕಿಂಡಿಗೆ ಗೋಣಿಚೀಲ ತುರುಕಿಸಿದರು. ಆಮೇಲೂ ಸಮಾಧಾನವಾಗದೆ ತಲೆಯ ಮೇಲೆ ಕಂಬಳಿ ಹೊದ್ದು ಕೂತರು. ಕಂಬಳಿಯೊಳಗಿನಿಂದ ಆ ದನಿ ಹೊರಟಿತು ನೋಡಿ, ನಾನು ಟೇಪ್ ರೆಕಾರ್ಡರಿನ ಮುಳ್ಳು ನೋಡುವುದನ್ನೇ ಮರೆತೆ. ಶಂಕರ ಮತ್ತು ಕಾಕಾನ ತಮ್ಮ ಕತ್ತಲಲ್ಲಿ ಸೊಲ್ಲು ಎತ್ತಿಕೊಂಡರು. ಮುಗಿದಾಗ ಗಡಿಯಾರ ನೋಡಿದೆವು. ಒಂಬತ್ತೂವರೆ ನಿಮಿಷ.

ಮೂರು ಸುರುಳಿ ಫಿಲ್ಮು ಎಲ್ಲ ಸೇರಿದರೂ ಎಂಟು ನಿಮಿಷ ಮೀರುವುದಿಲ್ಲ ಎಂದು ನಮಗೆ ಆಗ ಗೊತ್ತಾಯಿತು.

ಚಿತ್ರ ತೆಗೆಯುವ ದಿನ ನಾನು ಮಾಡಿದ ಇನ್ನೊಂದು ಘನಕಾರ್ಯವನ್ನೂ ಹೇಳಬೇಕು. ಕಣದಲ್ಲಿ ಹೊಟ್ಟು ಹಾರುತ್ತಿತ್ತು. ಮುಂಬೈಯ ಕ್ಯಾಮೆರಾದ ಕಣ್ಣಿಗೆ ಹೊಟ್ಟು ಬಿದ್ದರೆ ಗತಿ ಏನು? "ಗಾಳಿಗೆ ಬೆನ್ನ ಕೊಟ್ಟ ನಿಂದರು, ಅಲ್ಲಿಂದ ಸರೀಬ್ಯಾಡ" ಎಂದು ಶಂಕರನನ್ನು ಒಂದೇ ಜಾಗದಲ್ಲಿ ನಿಲ್ಲಿಸಿಬಿಟ್ಟೆ. ಅವನು ಕಣದ ಆ ಕಡೆ ಹೋಗುತ್ತೇನೆ ಅಂದಾಗಲೆಲ್ಲ ಅಂಗಿ ಹಿಡಿದು ಜಗ್ಗಿದೆ. ಮೂರೂ ಸುರುಳಿ ಒಂದೇ ಕಡೆಯಿಂದ ಮುಗಿದವು.

ಫಿಲ್ಮು ತೊಳೆಸಲು ಮುಂಬೈಗೆ ಹೋಗಿ ಮರಳುವಷ್ಟರಲ್ಲಿ ಜೂನ್ ತಿಂಗಳ ಮಿರಗದ ಮಳೆ ಸುರುವಾಗಿತ್ತು. ಕಾಲೇಜಿನ ಫಿಸಿಕ್ಸ್ ಲ್ಯಾಬಿನ ಹಿಂದಿನ ಮೂಲೆಯೇ ನಮ್ಮ ಕಾರಖಾನೆ. ಒಂದು ಭೂತಗನ್ನಡಿ, ಒಂದು ಬ್ಲೇಡು, ಫಿಲ್ಮು ಹಿಡಿದು ಕೂಡಿಸುವ ಒಂದು ತಗಡಿನ ಪಟ್ಟಿ, ಒಂದು ಶೀಸೆ ಅಂಟು. ಫಿಲ್ಮಿನ ತುದಿಯ ಮೇಲಿನ ಬಣ್ಣದ ಪದರನ್ನು ಬ್ಲೇಡಿನಿಂದ ಹೆರೆದು, ಅಂಟು ಸವರಿ, ಇನ್ನೊಂದು ತುದಿ ಅದರ ಮೇಲಿಟ್ಟು, ಮೂವತ್ತರವರೆಗೆ ಎಣಿಸಿ ಒತ್ತಿ ಹಿಡಿಯಬೇಕು. ನಾನು ಅರವತ್ತರವರೆಗೆ ಎಣಿಸುತ್ತಿದ್ದೆ. ಹೊರಗೆ ಮಳೆ, ಒಳಗೆ ಆ ಅಂಟಿನ ಘಾಟು, ಮಗಳ ಶೀಸೆಯದೇ ವಾಸನೆ. ಸಂಜೆ ಮನೆಗೆ ಹೋದರೆ ಅವ್ವ ನನ್ನ ಬಾಯಿ ಮೂಸಿ ನೋಡುತ್ತಿದ್ದಳು, ಮಗ ಕುಡಿಯಾಕ ಕಲತಾನೇನೋ ಅಂತ.

ಕತ್ತರಿಸುವ ಕೆಲಸ ನನಗೆ ಬಂದದ್ದು ಟೇಲರನ ಮಗ ಎಂಬ ಒಂದೇ ಕಾರಣಕ್ಕೆ. ಎಲ್ಲಿ ಕತ್ತರಿಸಬೇಕು ಎಂಬುದಕ್ಕೆ ಮಾತ್ರ ಎಲ್ಲರ ಹತ್ತಿರವೂ ಸಲಹೆ ಇತ್ತು.

"ತಾಳಕ್ಕ ಸರಿಯಾಗಿ ಕಡೀಬೇಕಲೇ" ಅಂದ ಶಂಕರ. "ಗೊರಸು, ಟಕ್. ಕಾಕಾನ ಮಾರಿ, ಟಕ್. ಕೊಂಬು, ಟಕ್. ಮಂದಿ ಕುರ್ಚಿ ಬಿಟ್ಟ ಏಳಬೇಕು."

ಹಾಗೇ ಮಾಡಿ ನೋಡಿದೆವು. ಕಾಲೇಜಿನಲ್ಲಿ ಪಾಠದ ಚಿತ್ರ ತೋರಿಸಲೆಂದು ತರಿಸಿದ ಒಂದು ಪ್ರೊಜೆಕ್ಟರ್ ಇತ್ತು. ಮೊದಲ ನಿಮಿಷ ಅದ್ಭುತ. ಎರಡನೇ ನಿಮಿಷಕ್ಕೆ ಪ್ರೊಜೆಕ್ಟರ್ ಒಂದು ದಾರಿ, ಟೇಪು ಒಂದು ದಾರಿ. ಎರಡಕ್ಕೂ ನಡುವೆ ಸಂಬಂಧವೇ ಇಲ್ಲವಲ್ಲ, ಅತ್ತೆ ಸೊಸೆ ಇದ್ದ ಹಾಗೆ ತಮ್ಮ ತಮ್ಮ ವೇಗದಲ್ಲಿ ಓಡುತ್ತಿದ್ದವು. ಗೊರಸು ನೆಲಕ್ಕೆ ಬಡಿಯಬೇಕಾದಲ್ಲಿ ಕಾಕಾ ಉಸಿರು ಎಳೆದುಕೊಳ್ಳುತ್ತಿದ್ದರು. ಒಂದು ಚಿತ್ರ ಕರಗಿ ಇನ್ನೊಂದು ಮೂಡುವ ಹಾಗೆ ಮಾಡಬಹುದೇ ಎಂದು ಸರ್ ಮುಂಬೈಗೆ ಬರೆದರು. ಭಾವನ ಉತ್ತರ ಒಂದು ಕಾರ್ಡಿನಲ್ಲಿ ಬಂತು: ಅದಕ್ಕೆ ಮುಂಬೈಯ ಲ್ಯಾಬೊರೇಟರಿಯೇ ಬೇಕು, ನಿಮ್ಮ ಹತ್ತಿರ ಬ್ಲೇಡಿದೆ, ಬ್ಲೇಡಿನಿಂದ ಆಗುವುದನ್ನು ಮಾಡಿ, ಕತ್ತರಿಸಿದ್ದಕ್ಕೆಲ್ಲ ಒಂದು ಕಾರಣ ಇರಲಿ. ನಾನು ಆ ಕಾರ್ಡನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ಕಾರಣವೇ ಹೊಳೆಯದೆ ಒಂದು ವಾರ ಬ್ಲೇಡು ಮುಟ್ಟಲಿಲ್ಲ.

ಹೊಳೆದದ್ದು ಭೂತಗನ್ನಡಿಯಲ್ಲಿ. ಶಂಕರ ನಿಂತ ಜಾಗ ಕಣಕ್ಕೆ ಎಷ್ಟು ಹತ್ತಿರವಿತ್ತೆಂದರೆ, ಪ್ರತಿ ಸುತ್ತಿಗೂ ಹೊರಗಿನ ಎತ್ತು ಕ್ಯಾಮೆರಾಕ್ಕೆ ಮೈ ತಾಗಿಸುವಂತೆ ಹಾಯುತ್ತಿತ್ತು. ಆಗ ಒಂದು ಕ್ಷಣ ಚಿತ್ರದ ತುಂಬ ಬರೀ ಎತ್ತಿನ ಪಕ್ಕೆ, ಕಪ್ಪು. ಅಲ್ಲಿ ಕತ್ತರಿಸಿ, ಇನ್ನೊಂದು ತುಣುಕಿನ ಅಂಥದೇ ಕಪ್ಪಿಗೆ ಅಂಟಿಸಿದರೆ? ಅಂಟಿಸಿ ಓಡಿಸಿದೆವು. ಎತ್ತು ಹಾಯ್ದುಹೋಯಿತು, ಅದರ ಹಿಂದಿನಿಂದ ಕಾಕಾನ ಮುಖ ಬಂತು. ಕತ್ತರಿಸಿದ ಗುರುತೇ ಇಲ್ಲ. ಚೌಕಡಿ ಬಟ್ಟೆ ಹೊಲಿಯುವಾಗ ಅಪ್ಪ ಹೊಲಿಗೆಯನ್ನು ದಟ್ಟ ಬಣ್ಣದ ಗೆರೆಯ ಮೇಲೇ ತರುತ್ತಿದ್ದದ್ದು ಯಾಕೆಂದು ಅವತ್ತು ಗೊತ್ತಾಯಿತು. ತಾಳ ಬಿಟ್ಟೆವು. ಎತ್ತಿನ ಸುತ್ತೇ ನಮ್ಮ ತಾಳವಾಯಿತು. ಟೇಪು ಎಷ್ಟು ಹಿಂದೆ ಮುಂದೆ ಓಡಿದರೂ ಎತ್ತು ಸುತ್ತುತ್ತಲೇ ಇರುತ್ತವೆ, ಪದ ನಡೆಯುತ್ತಲೇ ಇರುತ್ತದೆ.

ಶಂಕರ ಒಂದು ದಿನ ಮುಖ ಊದಿಸಿಕೊಂಡಿದ್ದ. ಎರಡನೇ ದಿನ, "ಎತ್ತನ್ನ ಅಷ್ಟ ಹತ್ತರದಿಂದ ತಗದವ ಯಾರು?" ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಕೊರತೆ ಮಾತ್ರ ಹಾಗೇ ಉಳಿದಿತ್ತು. ನಡುಗಿದ್ದು, ಮಸುಕಾದದ್ದು ತೆಗೆದರೆ ಒಳ್ಳೆಯ ಫಿಲ್ಮು ಆರೂವರೆ ನಿಮಿಷ. ಪ್ರೊಜೆಕ್ಟರಿಗೆ ನಿಧಾನ ಓಡಿಸುವ ಒಂದು ಗುಂಡಿ ಇತ್ತು, ಅದರಿಂದ ಒಂಬತ್ತೂವರೆಗೆ ಹತ್ತಿರ ಬಂದೆವು. ಎತ್ತು ಸ್ವಲ್ಪ ಗಂಭೀರವಾಗಿ ನಡೆಯುತ್ತಿದ್ದವು, ಅಷ್ಟೇ. ಆದರೆ ಅದರಲ್ಲಿ ಕೆಲವು ತುಣುಕುಗಳು ಅವಳಿ ಜವಳಿ. ಅದೇ ಜಾಗ, ಅದೇ ಸುತ್ತು. ಎರಡನ್ನೂ ಹಚ್ಚಿದರೆ ನೋಡುವವರಿಗೆ ಆಕಳಿಕೆ, ಬಿಟ್ಟರೆ ಪದಕ್ಕೆ ಚಿತ್ರ ಸಾಲುವುದಿಲ್ಲ.

ಒಂದು ಸಂಜೆ ಅಂಗಡಿಯಲ್ಲಿ ಅಪ್ಪ ಜಂಪರಿನ ತೋಳು ಕತ್ತರಿಸುತ್ತಿದ್ದರು. ಬಟ್ಟೆ ಮಡಿಚಿ ಒಂದೇ ಸಲ ಕತ್ತರಿ ಓಡಿಸಿ ಎರಡು ತುಂಡು ತೆಗೆದರು. ಒಂದನ್ನು ಹಲಗೆಯ ಮೇಲೆ ಹಾಗೇ ಇಟ್ಟರು, ಇನ್ನೊಂದನ್ನು ಮಗುಚಿ ಇಟ್ಟರು. ಒಂದು ಬಲದ ತೋಳು, ಒಂದು ಎಡದ ತೋಳು. ಹುಟ್ಟಿದಾಗಿನಿಂದ ನೋಡಿದ್ದೇ. ಆದರೆ ಅವತ್ತು ನಾನು ಹಲಗೆಯಿಂದ ಜಿಗಿದು ಓಡಿದೆ. ಅಪ್ಪ ಹಿಂದಿನಿಂದ "ಲೇ, ಏನಾತೋ? ಚೇಳ ಕಡೀತೇನು?" ಎಂದು ಕೂಗುತ್ತಿದ್ದರು.

ನಮ್ಮ ಫಿಲ್ಮಿಗೆ ಎರಡೂ ಅಂಚಿನಲ್ಲಿ ತೂತುಗಳಿದ್ದವು. ಅವಳಿ ತುಣುಕನ್ನು ಅಂಗಿಯ ತೋಳಿನ ಹಾಗೆ ಮಗುಚಿ ಅಂಟಿಸಿದೆ. ಎಡದಿಂದ ಬರುತ್ತಿದ್ದ ಎತ್ತು ಬಲದಿಂದ ಬಂದವು! ಶಂಕರ ಕಣದ ಆಚೆ ಕಡೆ ನಿಂತು ತೆಗೆದ ಹಾಗೆ. "ಭೇಷ್!" ಅಂದರು ದೇಸಾಯಿ ಸರ್. ಅಂಥ ನಾಲ್ಕು ತುಣುಕು ಮಗುಚಿದೆ. ಅವತ್ತು ನಾನು ಓಣಿಯಲ್ಲಿ ನಡೆದ ಠೀವಿಗೆ ನಾಯಿಗಳೂ ಎದ್ದು ದಾರಿ ಬಿಟ್ಟವು ಅನಿಸುತ್ತದೆ. ಮಗುಚಿದ ಫಿಲ್ಮಿನ ಬಣ್ಣದ ಪದರು ಕೆಳಗೆ ಬರುತ್ತದೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ನಾನು ದುಪ್ಪಟ್ಟು ಅಂಟು ಸುರಿದೆ.

ಗ್ಯಾದರಿಂಗಿಗೆ ನಾಲ್ಕು ದಿನ ಇರುವಾಗ ಕಾಕಾನನ್ನು ಕರೆಸಿ ತೋರಿಸಿದೆವು. ಅಪ್ಪನ ಅಂಗಡಿಯ ಕಪ್ಪು ಅಸ್ತರ್ ಬಟ್ಟೆ ತಂದು ಲ್ಯಾಬಿನ ಕಿಟಕಿ ಮುಚ್ಚಿದೆವು. ಕಾಕಾ ತಲೆಯ ಪಟಗ ತೆಗೆದು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ನೆಟ್ಟಗೆ ಕೂತರು. ಚಿತ್ರ ಓಡಿತು. ಪದ ಪೂರ್ತಿ ಇತ್ತು. ಮುಗಿಯಿತು. ನಾನು ನೀರು ತರಲೇ ಅಂದೆ. ಬೇಡ ಅಂದರು.

"ತಮ್ಮಾ, ಪದಾ ನಂದೇ ಐತಿ. ಎತ್ತ ಯಾರವು?"

"ನಿಮ್ಮವೇ ರೀ ಕಾಕಾ."

"ನನ್ನ ಎತ್ತಿಗೆ ಸೊಟ್ಟ ಇರೂದು ಎಡಗೊಂಬು. ಇಲ್ಲಿ ನೋಡಿದರ ಒಮ್ಮೆ ಎಡಗೊಂಬ ಸೊಟ್ಟ, ಒಮ್ಮೆ ಬಲಗೊಂಬ ಸೊಟ್ಟ. ನಮ್ಮ ಮುತ್ತ್ಯಾನ ಕಾಲದಿಂದ ನಮ್ಮ ಕಣದಾಗ ಹಂತಿ ಮೇಟೀನ ಎಡಕ್ಕ ಇಟಗೊಂಡ ತಿರಗೈತಿ. ನೀವು ಅದನ್ನ ಬಲಕ್ಕ ತಿರಿವೀರಲ್ಲೋ! ನಮ್ಮೂರ ಮಂದಿ ನೋಡಿದರ ಏನಂದಾರು? ಯಮನಪ್ಪಗ ಅರವತ್ತಕ್ಕ ಅರವು ಮರವು ಆತು, ಹಂತಿ ಕಟ್ಟೂದ ಮರತಾನ ಅಂತಾರ."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಫಿಸಿಕ್ಸ್ ಮಾಸ್ತರ, ಟೇಲರನ ಮಗ, ಮತ್ತು ಗೊಳಸಂಗಿಯವನೇ ಆದರೂ ಸಾಲಿ ಮಾಸ್ತರನ ಮಗನಾದ ಶಂಕರ. ಮೂವರಲ್ಲಿ ಒಬ್ಬನೂ ಎಂದೂ ಎತ್ತಿನ ಹಗ್ಗ ಹಿಡಿದವನಲ್ಲ. ಅಂಗಿಗೆ ಎರಡು ತೋಳು ಬೇಕು, ಕಣಕ್ಕೆ ಒಂದೇ ದಿಕ್ಕು ಎಂಬುದು ನಮಗೆ ಹೊಳೆದೇ ಇರಲಿಲ್ಲ.

"ಪದಾ ಹರದಿಲ್ಲ, ಅಷ್ಟಕ್ಕ ನಿನ್ನ ಮಾತ ಉಳೀತು" ಎಂದು ಕಾಕಾ ಪಟಗ ಸುತ್ತಿಕೊಂಡರು. "ಎತ್ತ ಸರಿ ಮಾಡ. ಮಾಡಿದರ ಬರತೇನಿ, ಊರ ಮಂದೀನೂ ಕರಕೊಂಡ ಬರತೇನಿ. ಇಲ್ಲಂದ್ರ ಬರೂದಿಲ್ಲ."

ಸರಿ ಮಾಡುವುದೇನು ಕಷ್ಟ, ಬಿಚ್ಚಿ ಮತ್ತೆ ಮಗುಚಿದರಾಯಿತು ಅಂದುಕೊಂಡೆ. ನಾನು ಸುರಿದಿದ್ದ ದುಪ್ಪಟ್ಟು ಅಂಟು ಕಲ್ಲಾಗಿ ಕೂತಿತ್ತು. ಎಳೆದರೆ ಬರಲಿಲ್ಲ, ಬ್ಲೇಡು ಹಾಕಿದರೆ ಫಿಲ್ಮು ಉದ್ದಕ್ಕೆ ಸೀಳಿತು. ನಾಲ್ಕರಲ್ಲಿ ಎರಡು ತುಣುಕು ಉಳಿದವು, ಎರಡರ ಅಂಚಿನ ತೂತು ಕಿತ್ತು ಹೋದವು. ಉಳಿದ ಎರಡನ್ನು ಎತ್ತಿನ ಕಪ್ಪಿನಲ್ಲಿ ಬಚ್ಚಿಟ್ಟು ಜೋಡಿಸಿದೆ. ಎಣಿಸಿ ನೋಡಿದರೆ ಪದಕ್ಕಿಂತ ಚಿತ್ರ ಒಂದೂವರೆ ನಿಮಿಷ ಕಡಿಮೆ.

"ಟೇಪ ಕಡೀಲೇ" ಅಂದ ಶಂಕರ. "ಫಿಲ್ಮಿಗಿಂತ ಟೇಪ ಕಡಿಯೂದು ಸಸಾರ. ನಡುವಿನ ಎರಡ ಸೊಲ್ಲು ತಗದರ ಯಾರಿಗೆ ಗೊತ್ತಾಗತೈತಿ?"

"ಕಾಕಾಗ ಗೊತ್ತಾಗತೈತಿ."

"ಕಾಕಾ ಆವಾಗ ಎತ್ತಿನ ಕೊಂಬ ನೋಡ್ಕೋತ ಕುಂತಿರತಾನ ಬಿಡ."

ಸುಳ್ಳು ಯಾಕೆ ಹೇಳಲಿ, ನಾನು ಟೇಪನ್ನು ಪಟ್ಟಿಯ ಮೇಲೆ ಇಟ್ಟೆ. ಬ್ಲೇಡನ್ನೂ ಇಟ್ಟೆ. ಕಂದು ಬಣ್ಣದ ಆ ಕಾಲು ಅಂಗುಲದ ಪಟ್ಟಿಯಲ್ಲಿ ಎಲ್ಲಿ ಕಾಕಾ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಸೊಲ್ಲು ಬಿಡುತ್ತಾರೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಅವ್ವ ಸತ್ತ ಸುದ್ದಿ ಕೇಳಿಯೂ ಹಾಡು ಮುಗಿಸಿದ ಮನುಷ್ಯ ನನ್ನ ಈ ಕೈ ಹಿಡಿದಿದ್ದ. ಬ್ಲೇಡು ಬಿಟ್ಟು ಮನೆಗೆ ಹೋದೆ.

"ಬಟ್ಟಿ ಕಡಿಮಿ ಬಿದ್ದರ ಏನ ಮಾಡತೀರಿ?" ಎಂದು ಅಪ್ಪನನ್ನು ಕೇಳಿದೆ.

"ಒಳಗಿನ ಮಡಿಕ್ಯಾಗ ಮುಚ್ಚತೇನಿ. ಮಂದಿಗೆ ಕಾಣೂದು ಎದಿ ಭಾಗ. ಅಲ್ಲಿ ತೇಪಿ ಹಚ್ಚಿದರ ಗಿರಾಕಿ ಮುಖಕ್ಕ ಒಗೀತಾನ."

ರೊಟ್ಟಿ ತಿನ್ನುತ್ತ ಅದನ್ನೇ ಯೋಚಿಸಿದೆ. ನಮ್ಮ ಚಿತ್ರಕ್ಕೆ ಒಳ ಮಡಿಕೆ ಎಲ್ಲಿದೆ? ಕೊನೆಯಲ್ಲಿ ಕೊರತೆ ಬಿಟ್ಟರೆ ಚಿತ್ರ ಮುಗಿಯಿತೆಂದು ಮಂದಿ ಎದ್ದು ಹೋಗುತ್ತಾರೆ, ಕಾಕಾ ಖಾಲಿ ಕುರ್ಚಿಗಳಿಗೆ ಪದ ಮುಗಿಸಬೇಕಾಗುತ್ತದೆ. ನಡುವೆ ಬಿಟ್ಟರೆ ಮಷಿನ್ನು ಕೆಟ್ಟಿತು ಅನ್ನುತ್ತಾರೆ. ಉಳಿದದ್ದು ಅಪ್ಪ ಬೇಡ ಅಂದ ಎದೆ ಭಾಗವೇ, ಅಂದರೆ ಚಿತ್ರದ ಮೊದಲು. ಪದ ಸುರುವಾಗಲಿ, ಪರದೆ ಕತ್ತಲಾಗಿರಲಿ. ಆ ಪದ ಹುಟ್ಟಿದ್ದೇ ಕತ್ತಲಲ್ಲಲ್ಲವೇ? ಕಂಬಳಿ ಹೊದ್ದ ಮೇಲೆ ಅಲ್ಲವೇ ಅವರಿಗೆ ದನಿ ಬಂದದ್ದು? ಒಂದೂವರೆ ನಿಮಿಷ ಎಲ್ಲರಿಗೂ ಕಂಬಳಿ ಹೊದಿಸೋಣ. ಆಮೇಲೆ ಎತ್ತು ಬರಲಿ.

ಪ್ರಿನ್ಸಿಪಾಲರು ಕೇಳಿ ಕನ್ನಡಕ ತೆಗೆದರು. "ಒಂದೂವರೆ ನಿಮಿಷ ಕತ್ತಲು? ನಮ್ಮ ಹುಡುಗೂರ ಮುಂದ? ದೇಸಾಯಿಯವರ, ಕುರ್ಚಿ ಮುರದರ ನೀವು ಜವಾಬದಾರರು ನೋಡ್ರಿ." ಸರ್ ನನ್ನ ಕಡೆ ನೋಡಿದರು. ನಾನು ಹೂಂ ಅಂದೆ. ಬದುಕಿನಲ್ಲಿ ನಾನು ಎರಡು ಸಲ ಯೋಚಿಸದೆ ಹೂಂ ಅಂದದ್ದು ಅದೊಂದೇ ಸಲ ಇರಬೇಕು. ಹೊರಗೆ ಬಂದು ಮೂವತ್ತು ಸಲ ಯೋಚಿಸಿದೆ.

ಗ್ಯಾದರಿಂಗಿನ ಸಂಜೆ ಕಾಲೇಜಿನ ಹಾಲ್ ಕಿಕ್ಕಿರಿದಿತ್ತು. ಎತ್ತು ಸರಿ ಆಗ್ಯಾವ ಎಂದು ಶಂಕರ ಹೇಳಿ ಕಳಿಸಿದ್ದಕ್ಕೆ ಕಾಕಾ ಬಂದಿದ್ದರು. ಅವರ ಜೊತೆ ಬಸ್ಸಿನಲ್ಲಿ ಬಂದ ಗೊಳಸಂಗಿಯ ಇಪ್ಪತ್ತು ಮಂದಿ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಅಪ್ಪ ಅಂಗಡಿ ಬೇಗ ಮುಚ್ಚಿ ಬಂದು ಬಾಗಿಲ ಹತ್ತಿರ ಕೂತಿದ್ದರು. ದೀಪ ಆರಿತು. ಟೇಪಿನ ಗುಂಡಿ ಒತ್ತಿದೆ. ಪ್ರೊಜೆಕ್ಟರಿನ ಹತ್ತಿರ ಶಂಕರ, ಅವನ ಹೆಗಲ ಮೇಲೆ ನನ್ನ ಕೈ. ಐದನೇ ಸೊಲ್ಲಿಗೆ ನಾನು ಹೆಗಲು ಒತ್ತಬೇಕು, ಅವನು ಚಿತ್ರ ಬಿಡಬೇಕು.

ಕತ್ತಲಲ್ಲಿ ಕಾಕಾನ ದನಿ ಎದ್ದಿತು. ಮೊದಲ ಸೊಲ್ಲಿಗೆ ಎಲ್ಲರೂ ಸುಮ್ಮನಿದ್ದರು. ಎರಡನೆಯದಕ್ಕೆ ಮುಂದಿನ ಸಾಲಿನಿಂದ ಒಂದು ಸೀಟಿ. "ಲೇ, ಲೈಟ್ ಬಿಡಲೇ!" "ಮಷಿನ್ಯಾಗ ಎತ್ತ ಮಲಗ್ಯಾವೇನೋ!" ನಗು, ಇನ್ನಷ್ಟು ಸೀಟಿ, ಕಾಲಿನಿಂದ ನೆಲ ಬಡಿಯುವ ಸದ್ದು. ನನ್ನ ಅಂಗೈ ಬೆವರಿ ಶಂಕರನ ಅಂಗಿ ಒದ್ದೆಯಾಗಿತ್ತು. "ಬಿಡ್ಲೇನಲೇ?" ಎಂದು ಅವನು ಪಿಸುಗುಟ್ಟಿದ. ಈಗ ಬಿಟ್ಟರೆ ಕೊನೆಯಲ್ಲಿ ಪದ ಚಿತ್ರವಿಲ್ಲದೆ ಉಳಿಯುತ್ತದೆ. "ಬ್ಯಾಡ" ಅಂದೆ. ಪ್ರಿನ್ಸಿಪಾಲರು ಎದ್ದ ಸದ್ದು ಕೇಳಿಸಿತು.

ಮೂರನೇ ಸೊಲ್ಲು ಮುಗಿಯಿತು. ಅದನ್ನು ಹಿಂದಿನ ಗೋಡೆಯಿಂದ ಇಪ್ಪತ್ತು ಗಂಡಸರು ಎತ್ತಿಕೊಂಡರು.

ಅವರಿಗೆ ಯಾರೂ ಹೇಳಿರಲಿಲ್ಲ. ಕತ್ತಲಿತ್ತು, ಹಂತಿ ಪದ ಇತ್ತು, ಸೊಲ್ಲು ಬಂತು, ಎತ್ತಿಕೊಂಡರು, ದಿನದ ರೂಢಿ. ಟೇಪಿನಲ್ಲಿದ್ದ ಇಬ್ಬರ ದನಿ ಅವರ ದನಿಯಲ್ಲಿ ಮುಳುಗಿಹೋಯಿತು. ಸೀಟಿ ನಿಂತಿತು. ನೆಲ ಬಡಿಯುತ್ತಿದ್ದ ಕಾಲುಗಳು ನಿಂತವು. ನಾಲ್ಕನೇ ಸೊಲ್ಲಿಗೆ ಮುಂದಿನ ಸಾಲಿನ ಹುಡುಗರೂ, ಎಲ್ಲರೂ ಹಳ್ಳಿಯವರೇ ತಾನೆ, ದನಿ ಕೂಡಿಸಿದರು. ಐದನೆಯದಕ್ಕೆ ನಾನು ಹೆಗಲು ಒತ್ತಿದೆ. ಆ ಕತ್ತಲನ್ನು ಸೀಳಿಕೊಂಡು ಬಿಸಿಲು ಬಂತು, ಕಣ ಬಂತು, ಸೊಟ್ಟ ಎಡಗೊಂಬಿನ ಎತ್ತು ಮೇಟಿಯನ್ನು ಎಡಕ್ಕಿಟ್ಟುಕೊಂಡು ಗಂಭೀರವಾಗಿ ನಡೆದು ಬಂತು. ಹಾಲ್ ತುಂಬ ಎದ್ದ ಆ "ಹೋ" ಇದೆಯಲ್ಲ, ಅದನ್ನು ನಾನು ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ನೌಕರಿಯಲ್ಲಿ ಎಲ್ಲಿಗೆ ಹೋದರೂ ಗಂಟು ಕಟ್ಟಿಕೊಂಡು ಹೋಗಿದ್ದೇನೆ. ಒಂದೇ ಒಂದು ಜೋಡಣೆ ಬಿಚ್ಚಲಿಲ್ಲ. ಪದ ಹರಿಯಲಿಲ್ಲ.

ಮುಗಿದ ಮೇಲೆ ಅಪ್ಪ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಎಷ್ಟ ಜೋಡ ಅದಾವು?"

"ಮೂವತ್ತೆಂಟು."

"ಮೂರ ಹಿಡದೆ" ಅಂದರು. ಹೊರಡುತ್ತ, "ಉಳದವು ಕಾಣಲಿಲ್ಲ" ಅಂದರು. ನಮ್ಮಪ್ಪ ತಮ್ಮ ಹೊಲಿಗೆಯನ್ನು ಬಿಟ್ಟು ಬೇರೆ ಯಾರ ಹೊಲಿಗೆಯನ್ನೂ ಹೊಗಳಿದ್ದು ನಾನು ಕೇಳಿರಲಿಲ್ಲ.

ಕಾಕಾ ಮಾತ್ರ ಏನೂ ಅನ್ನಲಿಲ್ಲ. ಬಾಗಿಲಲ್ಲಿ ಎದುರಾದಾಗ, "ಗೊಳಸಂಗಿ ಬಸ್ಸು ಇನ್ನ ಐತೇನು?" ಎಂದು ಕೇಳಿ ಹೋದರು. ಅಷ್ಟೇ. ನಾನು ಎರಡು ತಿಂಗಳು ಕೊರಗಿದೆ. ಕತ್ತಲು ಇಷ್ಟವಾಗಲಿಲ್ಲವೇ? ಎತ್ತು ನಿಧಾನ ನಡೆದದ್ದಕ್ಕೆ ಸಿಟ್ಟೇ? ಹುಡುಗರ ಸೀಟಿ ಮನಸ್ಸಿಗೆ ಹತ್ತಿತೇ? ಕಾಕಾನನ್ನು ಕೇಳು ಎಂದು ಶಂಕರನಿಗೆ ಅಂದರೆ, "ನೀ ಏನ ಹೆಂಗಸಲೇ, ಮಾತ ಮಾತಿಗೆ ಅಳತಿ" ಅಂದ.

ಮುಂದಿನ ಸುಗ್ಗಿಗೆ ಅವನೇ ಬಂದು ಹೇಳಿದ: "ಕಾಕಾ ನಿನಗ ಕಣಕ್ಕ ಬರಾಕ ಹೇಳ್ಯಾನ."

ಬೈಸಿಕೊಳ್ಳುವ ತಯಾರಿಯಲ್ಲೇ ಹೋದೆ. ಮುಂಜಾನೆ ಹೊತ್ತು. ರಾಶಿ ಮುಗಿದು ಕಣದ ನಡುವೆ ಬಿಳಿಜೋಳ ಗುಡ್ಡೆ ಬಿದ್ದಿತ್ತು. ಕಾಕಾ ಮೊರ ಹಿಡಿದು ಆಯ ಕೊಡುತ್ತಿದ್ದರು. ವರ್ಷವಿಡೀ ಹೊಲಕ್ಕೆ ದುಡಿದವರಿಗೆ ಮನೆಗೆ ಕಾಳು ಒಯ್ಯುವ ಮುಂಚೆ ಕಣದಲ್ಲೇ ಕೊಡುವ ಪಾಲು ಅದು. ಬಂಡಿ ಕೆತ್ತಿದ ಬಡಿಗ, ಕುಡಗೋಲು ಮಾಡಿದ ಕಮ್ಮಾರ, ಹಗ್ಗ ಹೊಸೆದವನು, ಎಲ್ಲರೂ ಸಾಲಾಗಿ ನಿಂತಿದ್ದರು. ನಾನು ದೂರದಲ್ಲೇ ನಿಂತೆ.

"ಅಲ್ಯಾಕ ನಿಂತಿ? ಸಾಲಿಗೆ ಬಾ" ಅಂದರು ಕಾಕಾ.

"ನಾನ್ಯಾಕ್ರಿ ಕಾಕಾ?"

ಬಡಿಗನೂ ಅದನ್ನೇ ಕೇಳಿದ: "ಇಂವ ಯಾರ್ರಿ ಯಮನಪ್ಪ ಗೌಡ್ರ? ಇವಂದೇನು ಆಯ?"

"ನೀ ನನ್ನ ಬಂಡಿ ಕೆತ್ತೀದಿ, ಅಂವ ಕುಡಗೋಲ ಬಡದಾನ. ಇಂವ ನನ್ನ ಪದಾ ಹರೀದಂಗ ಹೊಲದಾನ" ಅಂದರು ಕಾಕಾ, ಮೊರದ ತುಂಬ ಜೋಳ ತುಂಬುತ್ತ.

ನಾನು ಚೀಲ ತಂದಿರಲಿಲ್ಲ. ಅಂಗಿಯ ಮುಂದಿನ ತುದಿ ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಕಮ್ಮಾರ ಒಂದು ಹೆಜ್ಜೆ ಸರಿದು ಸಾಲಿನಲ್ಲಿ ನನಗೆ ಜಾಗ ಕೊಟ್ಟ.